ಮುಂಗೈ ಮೇಲಿನ ನಂಬರ್

"ಈ ನಂಬರ್ ಯಾರ್ದವ್ವಾ? ಎಂಟ್ ಸಲ ಮಾಡೀನಿ!" ಹೋಮ್‌ಗಾರ್ಡ್ ಬಸಕ್ಕ ಮಗುವಿನ ಮುಂಗೈ ಎತ್ತಿ ಹಿಡಿದಳು. ಗೇಟು ತೆರೆದ ಡ್ಯಾಂ ನೋಡಲು ಹೊಸಪೇಟೆಗೆ ಹೊಸಪೇಟೆಯೇ ನೆರೆದಿದ್ದ ಭಾನುವಾರ. ಅರ್ಧ ಗಂಟೆಯಿಂದ ನೀರಿನಂಚಿನ ಕಂಬಿಗಳುದ್ದಕ್ಕೂ ಹುಚ್ಚಿಯಂತೆ ಹುಡುಕಿದ್ದ ಶೈಲಶ್ರೀ, ಐದು ವರ್ಷದ ಮಗಳು ಶಾಂಭವಿಯನ್ನು ಬಾಚಿ ತಬ್ಬಿಕೊಂಡಳು.

ನಂಬರ್ ಗಂಡ ಹಾಲೇಶನದು. ಬೆಳಿಗ್ಗೆ, ಗದ್ದಲದಲ್ಲಿ ಮಗಳು ತಪ್ಪಿಸಿಕೊಂಡರೆ ಇರಲೆಂದು ಅವಳು ತನ್ನದನ್ನು ಬರೆಯಹೋದಾಗ ಅವನು ಪೆನ್ನು ಕಸಿದುಕೊಂಡಿದ್ದ: "ಹೆಣ್ಮಕ್ಕಳ ನಂಬರ್ ಊರಿಗೆಲ್ಲ ಹಂಚ್ತಾರೇನು?" ಮಗಳು ಕಾಣೆಯಾದಾಗಲೂ ಜಾಗ ಬಿಟ್ಟು ಕದಲಿರಲಿಲ್ಲ: "ನೀ ಹುಡುಕು. ಫೋನ್ ಬಂದ್ರ ನಂದಕ್ಕ ಬರ್ತದ."

ಈಗ ಅವನು ನಿಧಾನಕ್ಕೆ ಬಂದ. ಕೈಯಲ್ಲಿದ್ದ ಫೋನಿನ ವಿಡಿಯೋ ಕಾಲ್‌ನಲ್ಲಿ ಗೆಳೆಯನೊಬ್ಬ, "ನೀರು ಇನ್ನಷ್ಟು ತೋರ್ಸಲೇ" ಎನ್ನುತ್ತಿದ್ದ. "ಸಿಕ್ಕಳಲ್ಲ, ಮತ್ಯಾಕ ಅಳ್ತಿ?" ಎಂದ ಹಾಲೇಶ್. "ಯಾವ್ದೋ ಗೊತ್ತಿಲ್ಲದ ನಂಬರ್ ಬರಾಕತ್ತಿತ್ತು, ಕಟ್ ಮಾಡ್ದೆ."

ಶಾಂಭವಿ ಕೊರಳು ನೆಟ್ಟಗೆ ಮಾಡಿ, ಬಸಕ್ಕನ ಫೋನಿನಲ್ಲಿ ಎಂಟು ಸಲ ಕೇಳಿದ್ದನ್ನು ಅದೇ ದನಿಯಲ್ಲಿ ಅಪ್ಪನಿಗೆ ಒಪ್ಪಿಸಿದಳು: "ನೀವು ಕರೆ ಮಾಡಿದ ಚಂದಾದಾರರು ಕಾರ್ಯನಿರತರಾಗಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಸುತ್ತಲಿನವರು ಗೊಳ್ಳೆಂದರು. ಶೈಲಶ್ರೀ ನಗಲಿಲ್ಲ. ಸೆರಗಿಗೆ ಉಗುಳು ಹಚ್ಚಿ, ಮಗಳ ಮುಂಗೈ ಕೆಂಪಾಗುವವರೆಗೂ ಉಜ್ಜಿ ಗಂಡನ ನಂಬರ್ ಅಳಿಸಿದಳು. "ಪೆನ್ ಕೊಡ್ರಿ, ಅಕ್ಕಾ." ತನ್ನ ನಂಬರಿನ ಒಂದೊಂದೇ ಅಂಕಿಯನ್ನು ದಪ್ಪಗೆ ತಿದ್ದತೊಡಗಿದಳು.

"ಏನ್ ಮಾಡಾಕತ್ತೀಯ? ಮಂದಿ ನೋಡ್ತಾರ!" ಎಂದ ಹಾಲೇಶ್.

"ನೋಡ್ಲಿ ಅಂತಾನ ಬರಿಯಾಕತ್ತೀನಿ."