ಎಡಮಂಡಿಯ ನೋವು

ಅಜ್ಜ ಕುಂಟುತ್ತ ಬಂದು ಬಾಗಿಲು ತೆರೆದಾಗ ಫಿಸಿಯೋಥೆರಪಿ ಹುಡುಗಿ ಗಾಬರಿಯಿಂದ ಅವರ ತೋಳು ಹಿಡಿದಳು. ನಿನ್ನೆಯಷ್ಟೇ ಕಂಬಿ ಹಿಡಿಯದೆ ಮೆಟ್ಟಿಲಿಳಿದು ಬೀಗಿದ ಮನುಷ್ಯ ಇವರು. ಇವತ್ತಿಗೆ ಅವಳ ಕೆಲಸ ಮುಗಿಯಬೇಕಿತ್ತು.

"ಬೆಳಗ್ಗೆಯಿಂದ ಮಂಡಿ ಹಿಡ್ಕೊಂಡಿದೆ ಕಣಮ್ಮ. ಇನ್ನೊಂದು ತಿಂಗಳು ನೀನು ಬರಲೇಬೇಕಾಗುತ್ತೆ" ಎನ್ನುತ್ತ ಅವರು ಕುರ್ಚಿಯಲ್ಲಿ ಕುಸಿದರು. ಅಡುಗೆಮನೆ ಬಾಗಿಲಲ್ಲಿದ್ದ ಸೊಸೆ ತುಟಿ ಕಚ್ಚಿ ನಗು ತಡೆದಳು. ಹುಡುಗಿಗೆ ಆಗ ನೆನಪಾಯಿತು: ಈ ಮನೆ ಮುಗಿದರೆ ಮುಂದಿನ ಪೇಷಂಟ್ ಸಿಗುವ ತನಕ ಕ್ಲಿನಿಕ್ಕಿನವರು ಬಿಡಿಗಾಸೂ ಕೊಡುವುದಿಲ್ಲವೆಂದು ನಿನ್ನೆ ಸೊಸೆಯ ಹತ್ತಿರ ಹೇಳಿಕೊಂಡಿದ್ದಳು. ಪಕ್ಕದಲ್ಲೇ ಅಜ್ಜ ಕಣ್ಣು ಮುಚ್ಚಿ ಮಲಗಿದ್ದರು.

ಅವಳು ನೆಲದ ಮೇಲೆ ಕೂತು, ಅವರು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ ಎಡಮಂಡಿಯನ್ನು ಮೆಲ್ಲಗೆ ಮಡಚಿ ಬಿಡಿಸಿದಳು. ಎಣ್ಣೆ ಬಿಟ್ಟ ಕದದಂತೆ ಅದು ಸಲೀಸಾಗಿ ಆಡಿತು.

"ಅಜ್ಜ, ಆಪರೇಷನ್ ಆಗಿದ್ದು ಬಲಗಾಲಿಗೆ."

"ಅಷ್ಟೂ ಗೊತ್ತಿಲ್ವಾ ನಂಗೆ?" ಅಜ್ಜ ಕಿಟಕಿಯ ಕಡೆ ಮುಖ ತಿರುಗಿಸಿದರು. "ನೀನು ಸರಿ ಮಾಡಿದ ಕಾಲಿನ ಮೇಲೆ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ."