ವಾಪಸ್ ಕಿರಾಯಿ

ಹೆಲಿಕಾಪ್ಟರಿನ ಕಿರಾಯಿ ಒಂದೂಕಾಲು ಲಕ್ಷ ಎಂದು ಮಗ ಶಿವಶರಣಪ್ಪ ಹೇಳಿದಾಗ ಅಮರಗುಂಡಪ್ಪನವರು ಪೂಜೆಗೆ ಅಣಿ ಮಾಡಿಕೊಳ್ಳುತ್ತಲೇ ಇದ್ದರು. ಅದರಲ್ಲಿ ಅರ್ಧ ದುಡ್ಡು ಅದು ಖಾಲಿ ತಿರುಗಿ ಹೋಗುವುದಕ್ಕೆ ಎಂದಾಗ ಮಾತ್ರ, ಹಣೆಗೆ ಹಚ್ಚಲು ಎತ್ತಿದ್ದ ವಿಭೂತಿಯ ಬೆರಳುಗಳು ನಡುವೆಯೇ ನಿಂತವು.

“ಖಾಲಿ ಹೋಗಾಕೂ ನಾವ ಕೊಡಬೇಕೇನಲೇ?”

“ಅದರ ರಿವಾಜ ಹಂಗೈತೆಪ್ಪ. ಹೈದರಾಬಾದಿನ್ಯಾಗ ಎದ್ದಾಗಿಂದ ಹಿಡದು ಮತ್ತ ಅಲ್ಲೇ ಹೋಗಿ ಇಳಿಯೋತನಕ ಮೀಟರ್ ನಮ್ಮದ. ಇವತ್ತು ಅಳಿಯನ್ನ, ಬೀಗರನ್ನ ಇಳಿಸಿ ಅರ್ಧ ತಾಸು ನಿಂದ್ರತೈತಿ. ಆಮ್ಯಾಲ ಹೋಗತೈತಿ.”

ಅಮರಗುಂಡಪ್ಪನವರು ಹರೆಯದಲ್ಲಿ ಸಿಂಧನೂರಿನಿಂದ ರಾಯಚೂರಿಗೆ ಬಂಡಿಯಲ್ಲಿ ಹತ್ತಿ ಹೇರಿಕೊಂಡು ಹೋಗುತ್ತಿದ್ದವರು. ಬರುವಾಗ ಉಪ್ಪೋ ಬೆಲ್ಲವೋ ಹೇರಿಕೊಳ್ಳಬೇಕು. ಏನೂ ಸಿಗದಿದ್ದರೆ ದಾರಿಯಲ್ಲಿ ಕಾಲು ಸೋತು ಕೂತ ಮುದುಕಿಯೊಬ್ಬಳನ್ನಾದರೂ ಹತ್ತಿಸಿಕೊಳ್ಳಬೇಕು. ಖಾಲಿ ಬಂಡಿ ಎತ್ತಿಗೆ ಭಾರ ಎಂದು ಅವರಪ್ಪ ಹೇಳಿಕೊಟ್ಟಿದ್ದ. ಈಗ ಸ್ವಂತ ಹತ್ತಿ ಗಿರಣಿ ಇತ್ತು, ನಾಳೆ ಮೊಮ್ಮಗಳ ಮದುವೆ ಇತ್ತು. ಅಪ್ಪನ ಮಾತು ಮಾತ್ರ ಹಾಗೇ ಉಳಿದಿತ್ತು. ಪೂಜೆ ಮುಗಿಸಿ ಎದ್ದವರೇ ಮನೆ ತುಂಬಿದ್ದ ನೆಂಟರನ್ನು ಒಬ್ಬೊಬ್ಬರನ್ನಾಗಿ ಕೇಳಿದರು: ಹೈದರಾಬಾದಿಗೆ ಹೋಗೋರು ಯಾರನ ಅದೀರೇನು? ಮದುವೆ ಬಿಟ್ಟು ಯಾರು ಹೋದಾರು?

“ಎರಡು ಚೀಲ ಅಕ್ಕಿ ಹೇರಿ ಕಳಸ್ರಿ,” ಎಂದಳು ಹೆಂಡತಿ ಕಲ್ಯಾಣಮ್ಮ. “ನಿಮ್ಮ ಜೀವಕ್ಕ ಸಮಾಧಾನ ಆಗತೈತಿ.”

ಹನ್ನೊಂದರ ಹೊತ್ತಿಗೆ ಗಿರಣಿಯ ಹಿಂದಿನ ಬಯಲಲ್ಲಿ, ಸುಣ್ಣದಿಂದ ಎಳೆದ ದುಂಡನೆಯ ಗೆರೆಯ ನಡುವೆ ಹೆಲಿಕಾಪ್ಟರ್ ಇಳಿಯಿತು. ಪಕ್ಕದ ಸಾಲಗುಂದದ ಮಂದಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಮಂದಿ ಟ್ರ್ಯಾಕ್ಟರು ಹತ್ತಿ, ಹುಲ್ಲಿನ ಬಣವೆ ಹತ್ತಿ ನಿಂತಿದ್ದರು. ಅಳಿಯ ಇಳಿದ, ಬೀಗರು ಇಳಿದರು. ಆರತಿಯ ತಟ್ಟೆ ಇನ್ನೂ ಕೆಳಗಿಟ್ಟಿರಲಿಲ್ಲ, ಗಿರಣಿಯ ಆಳುಗಳ ಮೇಲ್ವಿಚಾರಕ, ಮುಕದ್ದಮ್ ದಾವಲ್‌ಸಾಬ್ ಏದುಸಿರು ಬಿಡುತ್ತ ಬಂದ.

“ಧಣೇರ, ಕನಕಮ್ಮನ ಕೈ ಮಿಷನ್ನಿಗೆ ಸಿಕ್ಕೈತ್ರಿ. ಹತ್ತಿ ತಿನ್ನಸಾಕತ್ತಿದ್ದಳು. ಮ್ಯಾಲ ಸಪ್ಪಳ ಆತು, ಕಿಟಕ್ಯಾಗ ಕತ್ತೆತ್ತಿ ನೋಡ್ಯಾಳ. ಕೈ ರೋಲರಿನ್ಯಾಗ ಹೋಗೇತಿ.”

ಅವನ ಬೆನ್ನಿಗೇ ಹಮಾಲಿ ದುರುಗಪ್ಪ ಹೆಂಡತಿ ಕನಕಮ್ಮನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬಂದ. ಹದಿನಾರು ವರ್ಷ ಆ ಮಿಷನ್ನಿಗೆ ಹತ್ತಿ ತಿನ್ನಿಸಿದ ಕೈಗೆ ಟವೆಲ್ಲು ಸುತ್ತಿತ್ತು. ಟವೆಲ್ಲಿನ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ. ಬೀಗರನ್ನು ಎದುರುಗೊಳ್ಳಲು ಬಂದಿದ್ದ ಊರ ಡಾಕ್ಟರು ಅದನ್ನು ಸರಿಸಿ ನೋಡಿ, ಬಿಗಿಯಾಗಿ ಕಟ್ಟಿದರು.

“ನರ ಜೋಡಸೋ ಡಾಕ್ಟರು ಹೈದರಾಬಾದಿನ್ಯಾಗ ಅದಾರ. ಮಧ್ಯಾಹ್ನದೊಳಗ ಮುಟ್ಟಿದ್ರ ಕೈ ಉಳಿದೀತು. ಜೀಪಿನ್ಯಾಗ ಹೋದ್ರ ಸಂಜಿ ಆಗತೈತಿ. ಆಮ್ಯಾಲ ಮಣಿಕಟ್ಟಿಗೆ ಕತ್ತರಸೋದ.”

ಅಮರಗುಂಡಪ್ಪನವರು ಬಯಲಲ್ಲಿ ನಿಂತ ಹೆಲಿಕಾಪ್ಟರಿನ ಕಡೆ ನೋಡಿದರು. ಆ ನೋಟ ಶಿವಶರಣಪ್ಪನಿಗೆ ಅರ್ಥವಾಯಿತು. ಅಪ್ಪನ ತೋಳು ಹಿಡಿದು ಆಚೆ ಕರೆದ.

“ಅಪ್ಪ, ಮದಿವಿ ಮನಿ ಇದು. ಬೀಗರು ಇಳದು ಕಾಲು ತಾಸು ಆಗಿಲ್ಲ, ಅದ ಸೀಟಿನ ಮ್ಯಾಲ ರಕ್ತ ಅಂದ್ರ ಏನಂದಾರು? ಜೀಪ್ ಕೊಟ್ಟು ಕಳಸೋಣು. ಅಕಿನರ ಕೆಲಸ ಬಿಟ್ಟು ಮ್ಯಾಲ ಯಾಕ ನೋಡಬೇಕಿತ್ತು?”

“ಊರು ಮ್ಯಾಲ ನೋಡ್ಲಿ ಅಂತನ ಅಲ್ಲೇನಲೇ ನೀ ಅದನ್ನ ತರಿಸಿದ್ದು?”

ಅಮರಗುಂಡಪ್ಪನವರು ತೋಳು ಬಿಡಿಸಿಕೊಂಡು ಹೆಲಿಕಾಪ್ಟರಿನ ಕಡೆ ನಡೆದರು. ಪೈಲಟ್ ನೆರಳಲ್ಲಿ ಷರಬತ್ತು ಕುಡಿಯುತ್ತಿದ್ದ. ಕಾಗದದಲ್ಲಿ ವಾಪಸ್ ಖಾಲಿ ಎಂದು ಬರೆದಿದೆ, ಬೇರೆಯವರನ್ನು ಹತ್ತಿಸಿದರೆ ಜವಾಬು ಕೊಡುವವನು ನಾನು ಎಂದ. ಅಮರಗುಂಡಪ್ಪನವರು ನಿಜಾಮನ ಕಾಲದಲ್ಲಿ ಕಲಿತ ಉರ್ದುವಿನಲ್ಲಿ ಒಂದೇ ಮಾತು ಕೇಳಿದರು: ಆ ಖಾಲಿ ಸೀಟಿಗೆ ಕಿರಾಯಿ ಕೊಟ್ಟವರು ಯಾರು? ಪೈಲಟ್ ಟವೆಲ್ಲಿನ ಕಡೆ ನೋಡಿದ. ಗ್ಲಾಸು ಕೆಳಗಿಟ್ಟು ಎದ್ದ.

ಸೀಟಿನ ಮೇಲೆ ಅಳಿಯನ ಹಾರದಿಂದ ಉದುರಿದ ಮಲ್ಲಿಗೆ ಇತ್ತು. ದುರುಗಪ್ಪ ಅದನ್ನು ಅಂಗೈಯಿಂದ ಒರೆಸಿ ಹೆಂಡತಿಯನ್ನು ಒರಗಿಸಿದ. ತಾನು ಸೀಟಿನ ಮೇಲೆ ಕೂಡಲು ಅಂಜಿ ಕೆಳಗೆ ಕುಕ್ಕರಿಸಿದವನನ್ನು ಪೈಲಟ್ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದ.

“ದಾವಲ್‌ಸಾಬ್, ನೀನೂ ಹತ್ತು. ರೊಕ್ಕಕ್ಕ ಹಿಂದ ಮುಂದ ನೋಡಬ್ಯಾಡ,” ಎಂದರು ಅಮರಗುಂಡಪ್ಪನವರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. ಶಿವ ಯಾವ ಬಂಡಿಯನ್ನೂ ಖಾಲಿ ಕಳಿಸುವುದಿಲ್ಲ ಎಂದುಕೊಂಡರು. ಬೆಳಗಿನಿಂದ ಚುಚ್ಚುತ್ತಿದ್ದುದು ಸ್ವಲ್ಪ ತಣ್ಣಗಾದಂತಿತ್ತು.

ಅಷ್ಟರಲ್ಲಿ ಕನಕಮ್ಮ ಕಣ್ಣು ಬಿಟ್ಟಳು. ಬಾಗಿಲಲ್ಲಿ ನಿಂತ ಧಣಿಯನ್ನು ಗುರುತು ಹಿಡಿದಳು.

“ಧಣೇರ, ಇದರ ಕಿರಾಯಿ... ನನ್ನ ಪಗಾರದಾಗ ಹಿಡಕಂತೀರೇನ್ರಿ?”

“ಇಲ್ಲಬೇ ಯವ್ವಾ,” ಎಂದರು ಅಮರಗುಂಡಪ್ಪನವರು. ಆದರೆ ಮೇಲಿನ ರೆಕ್ಕೆ ತಿರುಗತೊಡಗಿತ್ತು, ಬಾಗಿಲು ಮುಚ್ಚಿತು. ಮತ್ತೆ ಕೂಗಿದರು. ಗಾಳಿಗೆ ಹಾರುತ್ತಿದ್ದ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಿಂದ ಕೈಸನ್ನೆ ಮಾಡಲೂ ಆಗಲಿಲ್ಲ. ಗಾಜಿನಾಚೆಯಿಂದ ಕನಕಮ್ಮ ಅವರ ತುಟಿಯನ್ನೇ ನೋಡಿದಳು. ಪಗಾರ ಬಟವಾಡೆಯ ದಿನ ಕೊಟ್ಟಷ್ಟನ್ನು ಎಣಿಸದೆ ಸೆರಗಿಗೆ ಕಟ್ಟಿಕೊಳ್ಳುವಾಗ ಹೇಗೋ ಹಾಗೆ, ಆಗಲಿ, ಹಿಡಿದುಕೊಳ್ಳಿ ಎಂಬಂತೆ ತಲೆ ಆಡಿಸಿದಳು.