ಬೋರ್ಡಿನ ಕೊನೆಯ ಸಾಲು

"ಮೊದಲು ನಿಮ್ಮ ಯಂತ್ರಕ್ಕೊಂದು ಕನ್ನಡಕ ಹಾಕಿ ಅಕ್ಕ," ಎಂದ ದರ್ಜಿ, ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತ. "ಇವನಿಗೆ ಬಲಗಣ್ಣು ಸರಿಯಾಗಿ ಕಾಣಲ್ಲ ಅಂದ್ರೆ ಯಾರು ನಂಬ್ತಾರೆ? ದಿನಾ ನನಗೆ ಸೂಜಿಗೆ ದಾರ ಪೋಣಿಸಿ ಕೊಡೋನೇ ಇವನು."

ಆರು ವರ್ಷದ ಮಗ ಅಪ್ಪನ ಅಂಗಿಯ ತುದಿ ಹಿಡಿದು ನಿಂತಿದ್ದ. ಕಣ್ಣಿನ ನಂಬರ್ ಅಳೆಯುವ ಆ ಯಂತ್ರ ಕನ್ನಡಕದಂಗಡಿಗೆ ಬಂದು ಇನ್ನೂ ವಾರವಾಗಿರಲಿಲ್ಲ. ಗಲ್ಲ ಆನಿಸಿ, ಒಳಗೆ ಕಾಣುವ ಪುಟ್ಟ ಬಲೂನನ್ನು ನೋಡುತ್ತ ಕೂತರೆ ಸಾಕು, ಏನೊಂದೂ ಕೇಳದೆ ನಂಬರನ್ನು ಚೀಟಿಯಲ್ಲಿ ಮುದ್ರಿಸಿ ಕೊಡುತ್ತಿತ್ತು.

"ಸೂಜಿ ಪೋಣಿಸೋಕೆ ಒಂದು ಕಣ್ಣು ಸಾಕು," ಎಂದಳು ಅಂಗಡಿಯ ಅಕ್ಕ. ಅಲ್ಲಿ ಕಣ್ಣು ಪರೀಕ್ಷೆ ಮಾಡುವವಳೂ ಅವಳೇ, ಬಂದವರಿಗೆ ಬುದ್ಧಿ ಹೇಳುವವಳೂ ಅವಳೇ. ಎರಡನೆಯದಕ್ಕೆ ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. "ಆ ಇನ್ನೊಂದು ಕಣ್ಣು ಕೆಲಸ ಮಾಡದೆ ಸೋಮಾರಿ ಬಿದ್ದಿದೆ. ಈಗಲೇ ಕನ್ನಡಕ ಹಾಕಿಸಿ, ಒಳ್ಳೆ ಕಣ್ಣಿಗೆ ಪಟ್ಟಿ ಕಟ್ಟಿ, ಇದನ್ನ ದುಡಿಸಿದ್ರೆ ಸರಿಹೋಗುತ್ತೆ. ದೊಡ್ಡವನಾದ ಮೇಲೆ ತಲೆಕೆಳಗಾಗಿ ನಿಂತರೂ ಕಷ್ಟ. ಅಲ್ಲ, ಹೆತ್ತವರು ಇಷ್ಟು ದಿನ ಏನು ನೋಡ್ತಾ ಇದ್ರಿ?"

ದರ್ಜಿಯ ಮುಖ ಸಪ್ಪಗಾಯಿತು. "ಯಂತ್ರ ತಪ್ಪು ಹೇಳಲ್ಲ ಅಂತ ಏನು ಗ್ಯಾರಂಟಿ?" ಎಂದು ಗೊಣಗಿದ.

ಅಕ್ಕ ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಮಗಳನ್ನು ಕರೆದಳು. ಒಂಬತ್ತು ವರ್ಷದ ಆ ಹುಡುಗಿ ಅಕ್ಷರ ಕಲಿತದ್ದೇ ಕಣ್ಣು ಪರೀಕ್ಷೆಯ ಬೋರ್ಡಿನಿಂದ. ಗಿರಾಕಿಗಳೆದುರು ಒಂದೊಂದೇ ಕಣ್ಣು ಮುಚ್ಚಿಸಿ, ಕೊನೆಯ ಸಾಲಿನವರೆಗೆ ಗಡಗಡ ಓದಿಸಿ, "ಕಣ್ಣು ಅಂದ್ರೆ ನನ್ನ ಮಗಳ ಕಣ್ಣು" ಎನ್ನುವುದು ಅಮ್ಮನ ನಿತ್ಯದ ಪಾಠವಾಗಿತ್ತು. "ಇವಳದು ಎರಡೂ ಚಿನ್ನದಂಥ ಕಣ್ಣು. ಯಂತ್ರ ಏನು ಹೇಳುತ್ತೆ, ನೀವೇ ನೋಡಿ," ಎಂದು ಕೋಣೆಯ ದೀಪಗಳನ್ನೆಲ್ಲ ಆರಿಸಿ, ಮಗಳನ್ನು ಯಂತ್ರದ ಮುಂದೆ ಕೂರಿಸಿದಳು. ಬಾಗಿಲಿನಿಂದ ಬರುವ ಬೆಳಕಷ್ಟೇ ಉಳಿಯಿತು.

ಚೀಟಿ ಹೊರಬಂತು. ಬಲಗಣ್ಣಿಗೆ ಏನೂ ಇರಲಿಲ್ಲ. ಎಡಗಣ್ಣಿಗೆ ಪ್ಲಸ್ ಐದು. ಅಕ್ಕ ಗಾಜು ಒರೆಸಿ ಇನ್ನೊಮ್ಮೆ ನೋಡಿದಳು. ಅದೇ ಬಂತು.

"ಏನಂತೆ?" ಎಂದ ದರ್ಜಿ.

"ಹೊಸ ಯಂತ್ರ ನೋಡಿ, ಒಂದೊಂದ್ಸಲ ಹೀಗೆ... ಇರಿ, ಬೋರ್ಡಲ್ಲೇ ಓದಿಸಿ ತೋರಿಸ್ತೀನಿ."

ದರ್ಜಿ ಕೂತಿದ್ದ ಬೆಂಚಿನ ಮೇಲ್ಗಡೆ ಗೋಡೆಯಲ್ಲಿತ್ತು ಬೋರ್ಡು. ಮಗಳು ಎದುರಿನ ಕುರ್ಚಿಯಲ್ಲಿ ಕೂತಳು. ಅಮ್ಮ ಅವಳ ಬಲಗಣ್ಣಿಗೆ, ಕಣ್ಣು ಮುಚ್ಚಲೆಂದೇ ಇದ್ದ ಕಪ್ಪು ಸೌಟು ಹಿಡಿದಳು. ಹುಡುಗಿ ಶುರುಮಾಡಿದಳು, ಎಲ್ಲಿಯೂ ತಡವರಿಸದೆ ಒಂದೊಂದೇ ಸಾಲು ಇಳಿದು ಕೊನೆಯದನ್ನೂ ಮುಗಿಸಿದಳು. ಅಮ್ಮನ ನೋಟವೆಲ್ಲ ದರ್ಜಿಯ ಮುಖದ ಮೇಲೇ ಇತ್ತು.

"ಅಬ್ಬ, ಸದ್ಯ," ಎಂದ ದರ್ಜಿ. ಅವನಿಗೆ ಹೋದ ಜೀವ ಬಂದಂತಾಗಿತ್ತು. "ಹಾಗಾದ್ರೆ ಯಂತ್ರದ್ದೇ ತಪ್ಪು. ನಡಿಯೋ ಮಗನೇ." ಕೈಚೀಲ ಎತ್ತಿಕೊಂಡು ಹೊರಟ.

ಅಕ್ಕ ಬೋರ್ಡಿನ ದೀಪ ಆರಿಸಲು ಕೈ ಚಾಚಿದಳು. ಅದು ಆಗಲೇ ಆರಿತ್ತು. ಯಂತ್ರಕ್ಕೆಂದು ಕತ್ತಲು ಮಾಡುವಾಗ ಅವಳೇ ಆರಿಸಿದ್ದಳು. ಮತ್ತೆ ಹಾಕಲು ಮರೆತಿದ್ದಳು. ಒಳಗಿನ ದೀಪವಿಲ್ಲದೆ ಬೋರ್ಡು ಕಪ್ಪಗೆ ನಿಂತಿತ್ತು. ಕುರ್ಚಿಯ ಪಕ್ಕದಿಂದ ನೋಡಿದರೆ, ಎಲ್ಲಕ್ಕಿಂತ ಮೇಲಿನ ದಪ್ಪ ಅಕ್ಷರವೂ ಅವಳಿಗೆ ಕಾಣಲಿಲ್ಲ.

ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ಈಗ ಓದಿದ್ಯಲ್ಲ, ಕಾಣ್ತಿತ್ತಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು.

"ದೀಪ ಇದ್ದಾಗ? ಈ ಕಣ್ಣಿಗೆ?"

"ದೊಡ್ಡದೊಂದು ಮಾತ್ರ."

"ಯಾಕಮ್ಮ ಹೇಳಲಿಲ್ಲ?"

"ನೀನು ಎಲ್ಲರಿಗೂ ಹೇಳ್ತಿದ್ದೆ, ಕಣ್ಣು ಅಂದ್ರೆ ನನ್ನ ಮಗಳ ಕಣ್ಣು ಅಂತ," ಎಂದಳು ಹುಡುಗಿ. "ನಾನು ಹೇಳಿದ್ರೆ ನಿನಗೆ ಅವಮಾನ ಆಗಲ್ವಾ?"

ಅಕ್ಕನ ಮುಖ, ಕಿವಿ ಎಲ್ಲ ಬಿಸಿಯಾದವು. ಊರಿನವರ ಕಣ್ಣನ್ನೆಲ್ಲ ನೋಡಿದವಳು ಮಗಳ ಕಣ್ಣನ್ನು ಬರೀ ಮೆರೆಸಿದ್ದಳು. ದರ್ಜಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಅವಳ ಮಾನ ಉಳಿಯುತ್ತಿತ್ತು, ಆ ಹುಡುಗನ ಕಣ್ಣು ಉಳಿಯುತ್ತಿರಲಿಲ್ಲ. ಸುಮ್ಮನಿರಬೇಕು ಅಂತ ಒಂದು ಗಳಿಗೆ ಅನ್ನಿಸಿತು ಕೂಡ. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಅಣ್ಣ, ಒಳಗೆ ಬನ್ನಿ," ಎಂದು ಕರೆದಳು. "ಯಂತ್ರ ಸರಿಯಾಗೇ ಇದೆ. ನಿಮ್ಮ ಮಗನಿಗೆ ಹೇಳಿದ್ದೂ ಸರಿ, ನನ್ನ ಮಗಳಿಗೆ ಹೇಳಿದ್ದೂ ಸರಿ. ಇವಳು ಬೋರ್ಡನ್ನ ಬಾಯಿಪಾಠ ಮಾಡ್ಕೊಂಡು ಒಪ್ಪಿಸ್ತಾ ಇದ್ಲು. ನನಗೆ ಗೊತ್ತೇ ಆಗಲಿಲ್ಲ."

ದರ್ಜಿ ಒಂದು ಚಪ್ಪಲಿ ಮೆಟ್ಟಿದ ಕಾಲಿನಲ್ಲೇ ನಿಂತು ಹುಡುಗಿಯನ್ನು ನೋಡಿದ, ಅಕ್ಕನನ್ನು ನೋಡಿದ. ಹೆತ್ತವರು ಇಷ್ಟು ದಿನ ಏನು ನೋಡ್ತಾ ಇದ್ರಿ ಎಂಬ ಮಾತು ಈಗ ತನಗೇ ವಾಪಸ್ ಬರುತ್ತದೆಂದು ಅವಳು ತಲೆ ತಗ್ಗಿಸಿ ಕಾದಳು.

ಅವನು ಅದನ್ನು ಕೇಳಲಿಲ್ಲ. ಮೆಲ್ಲಗೆ ಒಳಗೆ ಬಂದು, ಬೆಂಚಿನ ತುದಿಯಲ್ಲಿ ಕೂತು, ಮಗನನ್ನು ತೊಡೆಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದ.

"ಕೂತ್ಕೊಳ್ಳಿ ಅಕ್ಕ," ಎಂದ.

ಮಕ್ಕಳನ್ನು ಕರೆತಂದವರು ಕೂರುವ ಆ ಬೆಂಚಿನ ಮೇಲೆ ಅವಳು ಇದುವರೆಗೆ ಒಮ್ಮೆಯೂ ಕೂತಿರಲಿಲ್ಲ.